ಪುಟ್ಟ ಮಗಳ ಜೊತೆ ಕಾರು, ಟೆಂಟು, ಸಕಲೇಶಪುರ: ಹೊರಡುವ ಮೊದಲು ಏನೇನು ನೋಡಬೇಕು?

ಗುಬ್ಬಿಮರಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಬೆಂಗಳೂರು ಬಸವನಗುಡಿಯಲ್ಲಿ. ಮಗಳಿಗೆ ಎರಡೂಮುಕ್ಕಾಲು ವರ್ಷ. ಡಿಸೆಂಬರ್ ಕೊನೆಯ ವಾರ ನನಗೂ ನನ್ನವರಿಗೂ ಒಟ್ಟಿಗೆ ರಜೆ ಸಿಕ್ಕಿದೆ. ರೂಮಲ್ಲಿ ಟಿವಿ ಹಾಕಿಕೊಂಡು ಕೂರುವ ಪ್ರವಾಸ ಬೇಡ, ಅವಳು ಮಣ್ಣು ಮುಟ್ಟಲಿ, ನಕ್ಷತ್ರ ನೋಡಲಿ ಅಂತ ಆಸೆ. ಅದಕ್ಕೇ ಟೆಂಟ್ ತೆಗೆದುಕೊಂಡಿದ್ದೇವೆ.

ಮೊದಲ ರಾತ್ರಿ ಸಕಲೇಶಪುರದ ಆಸುಪಾಸು. ಮಾರನೇ ದಿನ ಬಿಸಿಲೆ ಘಾಟಿ ಇಳಿದು ಕುಕ್ಕೆ. ಅಲ್ಲಿಂದ ಕರಾವಳಿ ಹಿಡಿದು ಗೋಕರ್ಣ, ಬೀಚಲ್ಲಿ ಟೆಂಟ್, ಆಮೇಲೆ ವಾಪಸ್. ಕಾರು ಚಿಕ್ಕದು. ಮಗಳಿಗೆ ಇಲ್ಲಿಯವರೆಗೆ ನನ್ನ ತೊಡೆ ಮೇಲೇ ಕೂತು ಅಭ್ಯಾಸ.

ದಿನಕ್ಕೆ ಎಷ್ಟು ದೂರ ಓಡಿಸಬಹುದು? ಟೆಂಟ್ ಎಲ್ಲಿ ಹಾಕಿದರೆ ತೊಂದರೆ ಇಲ್ಲ? ಊಟಕ್ಕೆ ಏನು ಮಾಡಬೇಕು? ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ.

ಘಾಟಿ ರಸ್ತೆ

ಅಕ್ಕ, ಮೊದಲು ಗೋಕರ್ಣ ಕೈಬಿಡಿ. ಬೇಜಾರಾಗಬೇಡಿ, ಲೆಕ್ಕ ನೋಡಿ.

ಬೆಂಗಳೂರಿಂದ ಸಕಲೇಶಪುರ ಸುಮಾರು 220 ಕಿಲೋಮೀಟರ್. ದೊಡ್ಡವರಿಗೆ ನಾಲ್ಕೂವರೆ ಗಂಟೆ. ಮಗು ಇದ್ದರೆ ಆರು ಗಂಟೆ ಅಂತಲೇ ಇಟ್ಟುಕೊಳ್ಳಿ. ಕುಕ್ಕೆಯಿಂದ ಗೋಕರ್ಣಕ್ಕೆ ಮುನ್ನೂರು ಕಿಲೋಮೀಟರ್‌ಗೂ ಜಾಸ್ತಿ. ಅಲ್ಲಿಂದ ಬೆಂಗಳೂರಿಗೆ ಐನೂರರ ಹತ್ತಿರ. ನಿಮ್ಮ ರಜೆಯೆಲ್ಲ ರಸ್ತೆ ಮೇಲೇ ಕಳೆಯುತ್ತದೆ. ಮಗಳು ಮಣ್ಣು ಮುಟ್ಟುವುದು ಯಾವಾಗ ಹೇಳಿ?

ಈ ವಯಸ್ಸಿನ ಮಕ್ಕಳು ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು ಗಂಟೆ ಸುಮ್ನೆ ಕೂರುತ್ತಾರೆ. ಆಮೇಲೆ ಇಳಿಸಿ ಓಡಾಡಿಸಲೇಬೇಕು. ನೆಲಮಂಗಲ ದಾಟಿ ಹೆದ್ದಾರಿ 75 ಹಿಡಿದರೆ ಮೊದಲ ನಿಲುಗಡೆಗೆ ಎಡೆಯೂರು ಒಳ್ಳೆಯದು. ಸಿದ್ಧಲಿಂಗೇಶ್ವರ ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಲು ಜಾಗ ಇದೆ, ಮಗು ಓಡಲು ಅಂಗಳ ಇದೆ. ಆಮೇಲಿನದು ಚನ್ನರಾಯಪಟ್ಟಣ. ಹಾಸನದಲ್ಲಿ ಊಟ ಮುಗಿಸಿ ಬಿಡಿ. ಊಟ ಆದ ಮೇಲೆ ಅವಳು ನಿದ್ದೆ ಹೋದರೆ ಸಕಲೇಶಪುರದ ತನಕ ನಿರಾಳ.

ಬೆಳಿಗ್ಗೆ ಆರು ಗಂಟೆಗೆ ಬಿಡಿ. ಮೂರು ಗಂಟೆಗೆ ಎಬ್ಬಿಸಿ ಕರೆದುಕೊಂಡು ಹೋಗುವುದು ಬೇಡ. ಮಗು ನಿದ್ದೆ ಮಾಡುತ್ತದೆ ಸರಿ, ಓಡಿಸುವವರ ಕಣ್ಣೂ ಎಳೆಯುತ್ತದೆ. ಡಿಸೆಂಬರಲ್ಲಿ ಆ ದಾರಿಯಲ್ಲಿ ಬೆಳಗಿನ ಮಂಜೂ ದಟ್ಟ. ಹಾಗೆಯೇ ಸಕಲೇಶಪುರದ ಒಳರಸ್ತೆಗಳಲ್ಲಿ ಕತ್ತಲಾದ ಮೇಲೆ ಓಡಾಡಬೇಡಿ. ಅಲ್ಲಿ ಆನೆ ಇದೆ.

ಮಕ್ಕಳ ವಾರ್ಡ್

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಮಿಕ್ಕ ಪ್ರಶ್ನೆ ಆಮೇಲೆ, ಮೊದಲು ತೊಡೆಯ ವಿಷಯ.

ಮಗುವಿಗೆ ಕಾರಿನಲ್ಲಿ ಕಟ್ಟುವ ಮಕ್ಕಳ ಸೀಟು ತೆಗೆದುಕೊಳ್ಳಿ. ಟೆಂಟಿಗೆ ಖರ್ಚು ಮಾಡಿದ್ದೀರಿ, ಇದಕ್ಕೂ ಮಾಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾದರೆ 12 ಕೆಜಿ ಮಗುವನ್ನು ಕೈಯಲ್ಲಿ ಹಿಡಿದುಕೊಳ್ಳುವುದು ಯಾವ ತಾಯಿಯಿಂದಲೂ ಆಗುವುದಿಲ್ಲ. ಮುಂದಿನ ಸೀಟಲ್ಲಿ ತೊಡೆ ಮೇಲೆ ಇಟ್ಟುಕೊಂಡರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದು ನೇರ ಮಗುವಿನ ಮೇಲೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡ ಇರಲಿ ಬಿಡಿ, ಮಗು ಮುಖ್ಯ.

ಸೀಟನ್ನು ಹಿಂದಿನ ಸಾಲಿನಲ್ಲಿ ಕಟ್ಟಿ. ಕಟ್ಟಿದ ಮೇಲೆ ಬುಡ ಹಿಡಿದು ಜೋರಾಗಿ ಅಲ್ಲಾಡಿಸಿ, ಅತ್ತಿತ್ತ ಸರಿಯಬಾರದು. ಮಗುವಿನ ಭುಜದ ಪಟ್ಟಿಯನ್ನು ಕತ್ತಿನ ಕೆಳಗಿನ ಮೂಳೆಯ ಹತ್ತಿರ ಎರಡು ಬೆರಳಲ್ಲಿ ಚಿವುಟಿ ನೋಡಿ. ಪಟ್ಟಿ ಬೆರಳಿಗೆ ಸಿಕ್ಕಿ ಮಡಚಿಕೊಂಡರೆ ಸಡಿಲ ಅಂತ ಅರ್ಥ, ಇನ್ನೂ ಎಳೆಯಿರಿ. ಚಳಿ ಅಂತ ದಪ್ಪ ಜಾಕೆಟ್ ಹಾಕಿ ಬೆಲ್ಟ್ ಬಿಗಿಯಬೇಡಿ. ಬಿಗಿ ಇದ್ದ ಹಾಗೆ ಕಾಣುತ್ತದೆ, ಒಳಗೆ ಜಾಗ ಇರುತ್ತದೆ. ಜಾಕೆಟ್ ತೆಗೆದು, ಬೆಲ್ಟ್ ಬಿಗಿದು, ಮೇಲಿಂದ ಶಾಲು ಹೊದಿಸಿ.

ಇವತ್ತೇ ಸೀಟು ಮನೆಗೆ ಬರಲಿ. ನಡುಮನೆಯಲ್ಲಿ ಇಟ್ಟು ಅದರಲ್ಲೇ ಕೂತು ಆಟ ಆಡಲಿ, ತಿಂಡಿ ತಿನ್ನಲಿ. ಆಮೇಲೆ ಜಯನಗರ, ಲಾಲ್‌ಬಾಗ್ ಕಡೆ ಸಣ್ಣ ಸಣ್ಣ ಸುತ್ತು. ಹೊರಡುವ ದಿನವೇ ಮೊದಲ ಸಲ ಕೂರಿಸಿದರೆ ನೆಲಮಂಗಲದ ಒಳಗೇ ಅತ್ತು ಇಳಿಯುತ್ತಾಳೆ, ನೀವೂ ಕರಗಿ ಎತ್ತಿಕೊಳ್ಳುತ್ತೀರಿ.

ತೋಟದ ಮನೆ

ನಾವು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು, ಚಿಕ್ಕ ಹೋಂಸ್ಟೇ ಕೂಡ ಇದೆ. ಟೆಂಟ್ ವಿಷಯ ಬಿಡಿಸಿ ಹೇಳುತ್ತೇನೆ, ಬೆಂಗಳೂರಿಂದ ಬರುವವರಿಗೆ ಇದು ಗೊತ್ತಿರುವುದಿಲ್ಲ.

ರಸ್ತೆ ಪಕ್ಕ ಹಸಿರು ಕಂಡ ಕೂಡಲೇ ಅದು ಖಾಲಿ ಜಾಗ ಅಲ್ಲ. ಒಂದೋ ಯಾರದೋ ತೋಟ, ಇಲ್ಲವೇ ಮೀಸಲು ಅರಣ್ಯ. ಬಿಸಿಲೆ ಇಡೀ ಮೀಸಲು ಅರಣ್ಯ. ಅನುಮತಿ ಇಲ್ಲದೆ ಅಲ್ಲಿ ಟೆಂಟ್ ಹಾಕುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಅರಣ್ಯ ಇಲಾಖೆಯವರು ಕೇಸು ಹಾಕುತ್ತಾರೆ, ಹಾಕಬೇಕಾದ್ದೂ ಸರಿ.

ಇನ್ನು ಆನೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆಗಳು ತೋಟದೊಳಗೇ ಇರುತ್ತವೆ. ಡಿಸೆಂಬರ್ ಅಂದರೆ ಗದ್ದೆಯಲ್ಲಿ ಭತ್ತ ಕೊಯ್ಲಿಗೆ ಬಂದಿರುವ ಸಮಯ, ಅದಕ್ಕೂ ಬರುತ್ತವೆ. ಅರಣ್ಯ ಇಲಾಖೆಯವರು ಇವತ್ತು ಆನೆ ಎಲ್ಲಿದೆ ಅಂತ ಊರವರಿಗೆ ಮೊಬೈಲಿಗೆ ತಿಳಿಸುತ್ತಾರೆ. ನಮ್ಮ ಕೆಲಸದವರು ಅದನ್ನು ಕೇಳಿಕೊಂಡೇ ತೋಟಕ್ಕೆ ಇಳಿಯುವುದು. ಹಾಗಿರುವಾಗ ಮಗುವನ್ನು ಮಲಗಿಸಿಕೊಂಡು ತೋಟದ ಮಧ್ಯೆ ಟೆಂಟಲ್ಲಿ ರಾತ್ರಿ ಕಳೆಯುವ ಮಾತು ಬೇಡವೇ ಬೇಡ. 'ನಮ್ಮಲ್ಲಿ ಆನೆ ಬರಲ್ಲ, ಕೆಳಗೆ ಹೊಳೆ ಹತ್ತಿರ ಹಾಕಿಕೊಳ್ಳಿ' ಅಂತ ಯಾರಾದರೂ ಹೇಳಿದರೂ ಒಪ್ಪಬೇಡಿ. ಮನೆಯ ಅಂಗಳದಲ್ಲಿ, ದೀಪದ ಬೆಳಕು ಬೀಳುವ ಕಡೆ, ಒಂದು ಕೂಗಿಗೆ ಜನ ಏಳುವಷ್ಟು ಹತ್ತಿರ ಹಾಕಿ. ಬಾಳೆಹಣ್ಣು, ಅಕ್ಕಿ, ಉಪ್ಪಿನ ಪದಾರ್ಥ ಯಾವುದೂ ಟೆಂಟಿನೊಳಗೆ ಬೇಡ. ಎಲ್ಲ ಮನೆಯ ಅಡುಗೆಮನೆಗೆ ಕೊಟ್ಟುಬಿಡಿ.

ಇನ್ನೊಂದು. ಡಿಸೆಂಬರಲ್ಲಿ ಅರೇಬಿಕಾ ಕೊಯ್ಲು. ಕಣದ ತುಂಬ ಕಾಫಿ ಹರಡಿರುತ್ತೇವೆ. ಎಷ್ಟೋ ಜನ ಸಮತಟ್ಟಾಗಿದೆ ಅಂತ ಕಣದಲ್ಲೇ ಟೆಂಟ್ ಕೇಳುತ್ತಾರೆ, ಆಗ ಕೊಡಲು ಬರುವುದಿಲ್ಲ. ಹೋಂಸ್ಟೇಯವರಿಗೆ ಫೋನ್ ಮಾಡಿದಾಗ ಅಂಗಳದಲ್ಲಿ ಜಾಗ ಇದೆಯಾ, ರಾತ್ರಿ ಮಗು ಎದ್ದರೆ ಒಳಗಿನ ಬಾತ್‌ರೂಮ್ ಬಳಸಬಹುದಾ, ಮಳೆ ಬಂದರೆ ಒಂದು ಕೋಣೆ ಸಿಗುತ್ತಾ ಅಂತ ಕೇಳಿ. ಈ ಮೂರಕ್ಕೂ ಹೌದು ಅಂದರೆ ಮಾತ್ರ ಬುಕ್ ಮಾಡಿ.

ಅಜ್ಜಿ ಮನೆ

ಮಗೂ, ನನಗೆ ವಯಸ್ಸಾಗಿದೆ, ಅದಕ್ಕೇ ಕೇಳುತ್ತೇನೆ. ಇಷ್ಟು ಸಣ್ಣ ಕೂಸನ್ನು ಚಳಿಗಾಲದಲ್ಲಿ ಬಯಲಲ್ಲಿ ಮಲಗಿಸುವುದು ಯಾಕೆ? ಶೀತ ಆಗುತ್ತದೆ, ಹುಳ ಹುಪ್ಪಟೆ ಇರುತ್ತದೆ. ಇನ್ನೆರಡು ವರ್ಷ ಹೋಗಲಿ. ನೆನಪಾದರೂ ಉಳಿಯುತ್ತದೆ.

ಮಲಪ್ರಭಾ ದಂಡೆ

ಅಮ್ಮಾ, ನಿಮ್ಮ ಕಾಳಜಿ ಖರೇ ಅದ. ಆದರೆ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರನ್ನು ನೋಡಿ. ವರ್ಷದ ಬಹಳಷ್ಟು ತಿಂಗಳು ಕುರಿ ಹೊಡೆದುಕೊಂಡು ಊರೂರು ತಿರುಗುತ್ತಾರೆ. ಕುದುರೆ ಮೇಲೆ ಗಂಟುಮೂಟೆ, ಅದರ ಮೇಲೆ ಕೂಸು, ಕೋಳಿ, ನಾಯಿಮರಿ. ರಾತ್ರಿ ರೈತರ ಹೊಲದಲ್ಲಿ ಕುರಿ ತರುಬಿ ಅಲ್ಲೇ ಮಲಗುತ್ತಾರೆ. ಹೊಲಕ್ಕೆ ಗೊಬ್ಬರ ಆಗುತ್ತದೆ ಅಂತ ರೈತರೇ ಕರೆಯುತ್ತಾರೆ. ಆ ಮಕ್ಕಳೆಲ್ಲ ಬಯಲಲ್ಲೇ ಬೆಳೆದವರು.

ಆದರೆ ಅವರು ಸುಮ್ಮನೆ ಎಲ್ಲೆಂದರಲ್ಲಿ ಬಿಡಾರ ಹೂಡುವುದಿಲ್ಲ. ತಗ್ಗು ಬಿಟ್ಟು ಸ್ವಲ್ಪ ದಿಬ್ಬದ ಒಣ ಜಾಗ ಹಿಡಿಯುತ್ತಾರೆ. ತಗ್ಗಿನಲ್ಲಿ ಥಂಡಿ ಇಳಿದು ನಿಲ್ಲುತ್ತದೆ, ನೀರೂ ಅಲ್ಲಿಗೇ ಬರುತ್ತದೆ. ಟೆಂಟಿಗೂ ಇದೇ ನೋಡಿ.

ಗುಬ್ಬಿಮರಿ ಅಮ್ಮ ಅವರೇ, ಮನೆಯಲ್ಲಿ ಕೌದಿ ಇದ್ದರೆ ತಪ್ಪದೆ ಒಯ್ಯಿರಿ. ಚಳಿ ಮೇಲಿಂದ ಬರುವುದಕ್ಕಿಂತ ಕೆಳಗಿನ ನೆಲದಿಂದ ಬರುವುದು ಜಾಸ್ತಿ. ಒಂದು ಹೊದೆಯಲು ಇದ್ದರೆ ಎರಡು ಹಾಸಲು ಇರಬೇಕು. ಮೊದಲು ಟಾರ್ಪಾಲ್, ಅದರ ಮೇಲೆ ಟೆಂಟ್, ಒಳಗೆ ಚಾಪೆ, ಮೇಲೆ ಕೌದಿ. ಟಾರ್ಪಾಲಿನ ಅಂಚು ಟೆಂಟಿನ ಬುಡದಿಂದ ಹೊರಗೆ ಚಾಚಿರಬಾರದು. ಚಾಚಿದರೆ ರಾತ್ರಿಯ ಇಬ್ಬನಿ ಅದರ ಮೇಲೆ ಬಿದ್ದು, ಹರಿದು, ನೇರ ನಿಮ್ಮ ಹಾಸಿಗೆ ಕೆಳಗೆ ಬರುತ್ತದೆ. ಒಳಕ್ಕೆ ಮಡಚಿಬಿಡಿ.

ಗುಬ್ಬಿಮರಿ ಅಮ್ಮ

ಎಷ್ಟು ಉಪಕಾರ ನಿಮ್ಮೆಲ್ಲರಿಂದ! ಗೋಕರ್ಣ ಬಿಟ್ಟೆವು. ಸೀಟು ಆರ್ಡರ್ ಮಾಡಿದ್ದೇವೆ. ಅಜ್ಜಿ, ನಿಮ್ಮ ಮಾತು ನಮ್ಮ ಅತ್ತೆಯವರ ಮಾತಿನ ಹಾಗೇ ಇದೆ, ಅವರಿಗೂ ಇದನ್ನೆಲ್ಲ ಓದಿ ಹೇಳಿದೆ.

ಗೋಕರ್ಣದ ಬದಲು ಆಗುಂಬೆ, ತೀರ್ಥಹಳ್ಳಿ ಕಡೆ ಹೋಗಬಹುದಾ? ನನ್ನವರಿಗೆ ಕಾಡಿನಲ್ಲಿ ನಡೆಯುವ ಆಸೆ.

ಕೊಪ್ಪದವಳು

ನಮ್ಮ ಊರಿಗೆ ಬನ್ನಿ ಅನ್ನಲು ಖುಷಿಯೇ. ಆದರೆ ಪುಟ್ಟ ಮಗುವನ್ನು ಕರೆದುಕೊಂಡು ಈ ಸಮಯದಲ್ಲಿ ಕಾಡಿನೊಳಗೆ ನಡೆಯುವುದು ಬೇಡ ಅಂತಲೇ ಹೇಳುತ್ತೇನೆ.

ಡಿಸೆಂಬರಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಡೆ ಈಗಲೂ ಜನ ಸಾಯುತ್ತಾರೆ. ಹರಡುವುದು ಉಣುಗಿನಿಂದ. ಒಣ ಎಲೆ ಬಿದ್ದ ನೆಲದಲ್ಲಿ ಮರಿ ಉಣುಗುಗಳಿರುತ್ತವೆ, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ನಮ್ಮಲ್ಲಿ ದರಗು, ಅಂದರೆ ಒಣ ಎಲೆ, ತರಲು ಕಾಡಿಗೆ ಹೋಗುವವರು ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಎರಡೂಮುಕ್ಕಾಲು ವರ್ಷದ ಮಗು ನೆಲದ ಮೇಲೆ ಕೂರುತ್ತದೆ, ಎಲೆ ರಾಶಿಯಲ್ಲಿ ಕೈ ಹಾಕುತ್ತದೆ. ಅದನ್ನು ತಡೆಯಲು ಆಗುವುದಿಲ್ಲ, ತಡೆದರೆ ಅದಕ್ಕೆ ಖುಷಿ ಇರುವುದಿಲ್ಲ.

ಎಲ್ಲಿ ಹೋದರೂ ಒಂದು ಮಾಡಿ. ಸಂಜೆ ಬಿಸಿನೀರಲ್ಲಿ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ಹೊಕ್ಕುಳು, ಮೊಣಕಾಲ ಹಿಂದೆ ಬೆರಳಾಡಿಸಿ ನೋಡಿ. ಹಾಕಿದ್ದ ಬಟ್ಟೆಯನ್ನು ಹಾಸಿಗೆ ಮೇಲೆ ಎಸೆಯಬೇಡಿ, ಬೇರೆ ಚೀಲದಲ್ಲಿ ಕಟ್ಟಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ಊರವರಿಗೆ ಹೇಳಿ. ಊರಿಗೆ ಬಂದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಮೊದಲೇ ತಿಳಿಸಿ.

ಮಳೆ ನಿಂತು ಹೊಸ ಹಸಿರು ಇರುವ ಅಕ್ಟೋಬರಲ್ಲಿ ಒಮ್ಮೆ ಬನ್ನಿ. ಮಗಳು ಇನ್ನೂ ಸ್ವಲ್ಪ ದೊಡ್ಡವಳಾಗಿರಲಿ.

ಕಾವೇರಿ ತೀರ

ಸಕಲೇಶಪುರವೂ ದೂರ ಅನ್ನಿಸಿದರೆ ಭೀಮೇಶ್ವರಿ ಯೋಚಿಸಿ. ಕನಕಪುರ, ಸಾತನೂರು, ಹಲಗೂರು ಮೇಲೆ ಹೋದರೆ ಬೆಂಗಳೂರಿಂದ ಸುಮಾರು 100 ಕಿಲೋಮೀಟರ್. ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ, 1980ರಲ್ಲಿ ಶುರುವಾದ ಸರ್ಕಾರದ್ದೇ ಸಂಸ್ಥೆ. ಕ್ಯಾನ್ವಾಸ್ ಟೆಂಟಿನ ಕಾಟೇಜುಗಳು, ಅದಕ್ಕೇ ಸೇರಿದ ಬಾತ್‌ರೂಮ್, ಊಟಕ್ಕೆ ಗೋಲ್ ಘರ್ ಅನ್ನುವ ದುಂಡನೆಯ ಚಾವಡಿ. ನಿಮ್ಮ ಟೆಂಟ್ ಬೇಕಾಗಿಲ್ಲ, ಆದರೆ ಟೆಂಟಲ್ಲಿ ಮಲಗಿದ ಹಾಗೇ ಆಗುತ್ತದೆ. ಹೊಳೆಮತ್ತಿ ಮರಗಳ ಕೆಳಗೆ ಕೂತರೆ ಬೂದು ಬಣ್ಣದ ದೊಡ್ಡ ಅಳಿಲು ಕಾಣಬಹುದು. ಮಕ್ಕಳು ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ಆದರೆ ಮಗುವನ್ನು ಕಾವೇರಿ ನೀರಿಗೆ ಇಳಿಸಬೇಡಿ. ಮೇಲೆ ಶಾಂತವಾಗಿ ಕಾಣುವ ಕಡೆಯೇ ಒಳಗೆ ಸುಳಿ ಇರುತ್ತದೆ, ಮೊಸಳೆಯೂ ಇದೆ. ಸಂಗಮ, ಮುತ್ತತ್ತಿಯಲ್ಲಿ ಎಷ್ಟು ಮನೆಗಳ ಮಕ್ಕಳು ಹೋದರು ಅಂತ ಈ ಕಡೆಯವರನ್ನು ಕೇಳಿ. ದಡದಲ್ಲಿ ಇರುವಷ್ಟು ಹೊತ್ತೂ ಒಬ್ಬರ ಕೈಯಲ್ಲಿ ಅವಳ ಕೈ ಇರಲಿ. 'ನೀನು ನೋಡ್ತಿದ್ದೀಯ ಅಂದುಕೊಂಡೆ' ಅನ್ನುವ ಮಾತು ಗಂಡ ಹೆಂಡತಿ ಮಧ್ಯೆ ಬರಲೇಬಾರದು.

ಸ್ಯಾನ್ ಹೋಸೆಯಿಂದ

ನಾವು ಕ್ಯಾಲಿಫೋರ್ನಿಯಾದಲ್ಲಿ ಇರುವವರು, ಮಗನನ್ನು ಚಿಕ್ಕಂದಿನಿಂದ ಕ್ಯಾಂಪಿಂಗಿಗೆ ಕರೆದುಕೊಂಡು ಹೋಗುತ್ತೇವೆ. ಇಲ್ಲಿ ಸ್ಟೇಟ್ ಪಾರ್ಕುಗಳಲ್ಲಿ ನಂಬರ್ ಹಾಕಿದ ಜಾಗ, ಮೇಜು, ಬೆಂಕಿಗೆ ಕಬ್ಬಿಣದ ಬಳೆ, ಹತ್ತಿರದಲ್ಲೇ ಟಾಯ್ಲೆಟ್ಟು ಎಲ್ಲ ಇರುತ್ತದೆ. ಊರಲ್ಲಿ ಅಂಥ ವ್ಯವಸ್ಥೆ ಕಡಿಮೆ. ಹಾಗಾಗಿ ತೋಟದ ಮನೆಯವರು ಹೇಳಿದ ಅಂಗಳವೇ ನಿಮಗೆ ಸರಿ.

ಒಂದು ಸಲಹೆ. ಹೊರಡುವ ಮೊದಲು ಮನೆಯ ಟೆರೇಸಿನಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಮಲಗಿ. ಅಲ್ಲಿ ಮೊಳೆ ಹೊಡೆಯಲು ಆಗಲ್ಲ ಅಲ್ವಾ, ನಾಲ್ಕು ಮೂಲೆಗೂ ಒಳಗಿಂದ ನೀರಿನ ಕ್ಯಾನ್ ಇಡಿ. ಸುತ್ತ ಎತ್ತರದ ಗೋಡೆ ಇಲ್ಲದ ಟೆರೇಸಾದರೆ ಬೇಡ, ನಡುಮನೆಯಲ್ಲೇ ಹಾಕಿ. ಜಿಪ್ ಶಬ್ದ, ಗಾಳಿಗೆ ಬಟ್ಟೆ ಪಟಪಟ ಅನ್ನುವುದು, ಟಾರ್ಚಿನ ನೆರಳು, ಇವೆಲ್ಲ ಮಗುವಿಗೆ ಹೊಸದು. ಮನೆಯಲ್ಲಿ ಹೆದರಿದರೆ ಎತ್ತಿಕೊಂಡು ಕೆಳಗೆ ಹೋಗಬಹುದು. ಅವಳು ದಿನಾ ಹೊದೆಯುವ ದುಪ್ಪಟಿಯನ್ನೇ ಒಯ್ಯಿರಿ, ಒಗೆಯದೆ. ಆ ವಾಸನೆಗೇ ಮಕ್ಕಳು ಮಲಗುತ್ತಾರೆ.

ಮಕ್ಕಳ ವಾರ್ಡ್

ಟೆರೇಸಿನ ಮಾತು ತುಂಬ ಒಳ್ಳೆಯದು. ನಾನು ಊಟ, ಔಷಧಿ ಹೇಳಿ ಮುಗಿಸುತ್ತೇನೆ.

ಹಾಲು ಕಾಯಿಸಿ ಫ್ಲಾಸ್ಕಿನಲ್ಲಿ ಗಂಟೆಗಟ್ಟಲೆ ಇಡಬೇಡಿ, ಉಗುರುಬೆಚ್ಚಗೆ ಇರುವಾಗಲೇ ಕೆಡುವುದು. ನಂದಿನಿ ಗುಡ್‌ಲೈಫ್ ಥರದ ಪ್ಯಾಕೆಟ್ ಒಡೆಯುವ ತನಕ ಫ್ರಿಜ್ ಇಲ್ಲದೆ ಇರುತ್ತದೆ, ಚಿಕ್ಕದನ್ನು ಒಯ್ದು ಒಡೆದ ಕೂಡಲೇ ಮುಗಿಸಿ. ಫ್ಲಾಸ್ಕಿನಲ್ಲಿ ಬರೀ ಬಿಸಿನೀರು ಇರಲಿ. ರಾಗಿ ಹುರಿಹಿಟ್ಟು, ಬೆಲ್ಲ, ಬಿಸಿನೀರು ಇದ್ದರೆ ಎಲ್ಲಿ ಬೇಕಾದರೂ ಒಂದು ಬಟ್ಟಲು ಕಲಸಿ ತಿನ್ನಿಸಬಹುದು. ತೆಳು ಅವಲಕ್ಕಿಯೂ ಹಾಗೇ. ದಾರಿಯಲ್ಲಿ ಇಡ್ಲಿ ಕೊಡಿ, ಪೂರಿ ಬೇಡ.

ತಿರುವು ರಸ್ತೆಯಲ್ಲಿ ವಾಂತಿ ಎರಡು ವರ್ಷ ದಾಟಿದ ಮಕ್ಕಳಲ್ಲೇ ಜಾಸ್ತಿ. ಕಾರಿನೊಳಗೆ ಮೊಬೈಲ್ ಕೊಡಬೇಡಿ, ಹೊರಗೆ ದೂರದ್ದನ್ನು ತೋರಿಸಿ. ಕೈಗೆ ಸಿಗುವ ಕಡೆ ಪ್ಲಾಸ್ಟಿಕ್ ಕವರ್, ಒದ್ದೆ ಬಟ್ಟೆ, ಒಂದು ಜೊತೆ ಬಟ್ಟೆ ಇರಲಿ. ನಿಮಗೂ ಒಂದು ಜೊತೆ. ವಾಂತಿ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ಕೊಡಬೇಡಿ, ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಈಗಲೇ ಕೇಳಿ. ಜ್ವರದ ಔಷಧಿಯ ಪ್ರಮಾಣವನ್ನೂ ಅವಳ ತೂಕ ನೋಡಿ ಬರೆಸಿಕೊಳ್ಳಿ. ಓಆರ್‌ಎಸ್ ಪ್ಯಾಕೆಟ್, ಥರ್ಮಾಮೀಟರ್ ಮರೆಯಬೇಡಿ. ಸೊಳ್ಳೆಗೆ ನಿಂಬೆ ನೀಲಗಿರಿ ಎಣ್ಣೆಯ ಕ್ರೀಮು ಮೂರು ವರ್ಷದ ಒಳಗೆ ಹಚ್ಚಬಾರದು. ತುಂಬು ತೋಳು, ಕಾಲುಚೀಲ, ಸೊಳ್ಳೆ ಪರದೆ ಸಾಕು.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಏನೂ ಬೇಡ. ಕಚ್ಚಿದ ಕಾಲು, ಕೈ ಅಲುಗದ ಹಾಗೆ ಎತ್ತಿಕೊಂಡು ನೇರ ಆಸ್ಪತ್ರೆ. ಆ ದಾರಿಯಲ್ಲಿ ಬೆಳ್ಳೂರು ಹತ್ತಿರ ಬಿ.ಜಿ. ನಗರದ ಮೆಡಿಕಲ್ ಕಾಲೇಜು, ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು, ಸಕಲೇಶಪುರದಲ್ಲಿ ಕ್ರಾಫರ್ಡ್ ಆಸ್ಪತ್ರೆ ಇದೆ. ನೆಟ್‌ವರ್ಕ್ ಸಿಗದ ಕಡೆ ಇರುತ್ತೀರಿ, ಈ ಹೆಸರುಗಳನ್ನು ಚೀಟಿಯಲ್ಲಿ ಬರೆದು ಕಾರಲ್ಲಿ ಇಡಿ. ಆಂಬುಲೆನ್ಸಿಗೆ 108, ಹೆದ್ದಾರಿಯಲ್ಲಿ 1033.

ಕೊನೆಯದು, ತುಂಬ ಮುಖ್ಯವಾದದ್ದು. ಎಷ್ಟೇ ಚಳಿ ಇರಲಿ, ಟೆಂಟಿನೊಳಗೆ ಸ್ಟೌ ಹಚ್ಚಬೇಡಿ, ಕೆಂಡದ ಬುಟ್ಟಿ ಇಡಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ.

ಅಜ್ಜಿ ಮನೆ

ಇಷ್ಟೆಲ್ಲ ನೋಡಿಕೊಂಡು ಹೋಗುವುದಾದರೆ ಹೋಗಿ ಬನ್ನಿ ಮಗಳೇ. ಕಿವಿ ಮುಚ್ಚುವ ಟೋಪಿ ಹಾಕು ಕೂಸಿಗೆ.

ಗುಬ್ಬಿಮರಿ ಅಮ್ಮ

ಖಂಡಿತ ಅಜ್ಜಿ.

ಈಗ ಹೀಗೆ ಮಾಡಿದ್ದೇವೆ. ಬರೀ ಸಕಲೇಶಪುರ, ಒಂದೇ ಮನೆ. ಫೋನ್ ಮಾಡಿ ಅಂಗಳ, ಬಾತ್‌ರೂಮ್, ಕೋಣೆ ಮೂರೂ ಕೇಳಿದೆವು, ಮೂರಕ್ಕೂ ಹೌದು ಅಂದರು. ಸುತ್ತಾಟಕ್ಕೆ ಮಂಜರಾಬಾದ್ ಕೋಟೆ ಒಂದೇ. ಟೆರೇಸಿನಲ್ಲಿ ನಿನ್ನೆ ಮಲಗಿದೆವು. ಮಧ್ಯರಾತ್ರಿ ಎದ್ದು ಜಿಪ್ ತೆಗೆದು ಹಾಕಿ ಆಟ ಆಡಿದಳು, ಆಮೇಲೆ ನನ್ನ ಪಕ್ಕ ಬಂದು ಮಲಗಿದವಳು ಬೆಳಗಾಗುವವರೆಗೆ ಏಳಲಿಲ್ಲ.

ಎರಡು ಪ್ರಶ್ನೆ ಉಳಿದಿದೆ. ಕೋಟೆ ಮಗುವಿಗೆ ಆಗುತ್ತಾ? ಮತ್ತೆ ರಾತ್ರಿಗೆ ಡೈಪರ್ ಬೇಕೇ ಬೇಕು, ಅದನ್ನು ಅಲ್ಲಿ ಏನು ಮಾಡುವುದು?

ತೋಟದ ಮನೆ

ಕೋಟೆ ಚೆನ್ನಾಗಿದೆ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ನಕ್ಷತ್ರದ ಆಕಾರ. ಮೆಟ್ಟಿಲು ಇನ್ನೂರಕ್ಕೂ ಜಾಸ್ತಿ ಇದೆ, ಅರ್ಧ ಅವಳು ಹತ್ತುತ್ತಾಳೆ, ಅರ್ಧ ನೀವು ಹೊರಬೇಕು. ಬಿಸಿಲೇರುವ ಮೊದಲು ಹೋಗಿ. ಗೋಡೆ ಮೇಲೆ ತಡೆ ಇಲ್ಲ, ನಡುವಿನ ಮೆಟ್ಟಿಲು ಕೊಳವೂ ತೆರೆದೇ ಇದೆ. ಮೇಲೆ ಹೋದ ಮೇಲೆ ಕೈ ಬಿಡಬೇಡಿ.

ಡೈಪರ್ ತೋಟದಲ್ಲಿ ಹೂಳುವುದು, ಸುಡುವುದು ಬೇಡ. ನಾಯಿ ಕೆದಕಿ ಹೊರಗೆ ಹಾಕುತ್ತವೆ, ಹಳ್ಳಕ್ಕೆ ಸೇರುತ್ತದೆ. ನಮ್ಮ ಕಡೆ ಕಸ ಒಯ್ಯುವ ಗಾಡಿ ಎಲ್ಲ ತೋಟಕ್ಕೂ ಬರುವುದಿಲ್ಲ. ಎರಡು ಕವರಲ್ಲಿ ಕಟ್ಟಿ ಡಿಕ್ಕಿಯಲ್ಲಿ ವಾಪಸ್ ಬೆಂಗಳೂರಿಗೆ ಒಯ್ಯಿರಿ.

ಸಂಜೆ ನಾಲ್ಕರ ಒಳಗೆ ತಲುಪಿ. ಆರೂವರೆಗೆಲ್ಲ ಕತ್ತಲಾಗುತ್ತದೆ, ಟೆಂಟ್ ಬೆಳಕಲ್ಲೇ ಆಗಬೇಕು. ಕಾರನ್ನು ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿ, ಮಗುವಿನ ಸೀಟು ಬಿಚ್ಚಬೇಡಿ. ಕೀ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಲಿ.